ಮರದರಿಶಿನದ ಕಷಾಯಕ್ಕೆ ಡೆಂಗಿ ಹೆದರುತ್ತಾ?

ಪ್ರಶ್ನೆ: ಮರದರಿಶಿನದಲ್ಲಿರುವ ಬರ್ಬೆರಿನ್ ವೈರಸ್ ತಡೆಯುತ್ತದಂತೆ, ಸಂಶೋಧನೆಯೂ ಇದೆಯಂತೆ. ಡೆಂಗಿ, ಚಿಕುನ್‌ಗುನ್ಯಾ ಬಂದರೆ ಕಷಾಯ ಕುಡಿದು ಮನೆಯಲ್ಲೇ ಇರಬಹುದಾ?

ಮಳೆ ಶುರುವಾದರೆ ಸಾಕು, ಈ ಪ್ರಶ್ನೆ ಅಣಬೆ ಥರ ಏಳುತ್ತದೆ. ಸಂಶೋಧನೆ ಇರುವುದು ನಿಜ. ಫ್ಲೂ, ಹರ್ಪಿಸ್, ಚಿಕುನ್‌ಗುನ್ಯಾ ವೈರಸ್‌ಗಳು ಹೆಚ್ಚದಂತೆ ಮರದರಿಶಿನ ಅನ್ನುವ ಕಾಡುಬಳ್ಳಿಯ ಬರ್ಬೆರಿನ್, ಅಂದರೆ ಈ ಹಳದಿ ಆಲ್ಕಲಾಯ್ಡ್ (ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ), ಲ್ಯಾಬಿನಲ್ಲಿ ತಡೆದಿದೆ, ಚಿಕುನ್‌ಗುನ್ಯಾ ತಗುಲಿಸಿದ ಇಲಿಗಳಲ್ಲಿ ಬಾವು ತಗ್ಗಿದ್ದೂ ಉಂಟು. ಆದರೆ ಲ್ಯಾಬಿನಲ್ಲಿ ಔಷಧವನ್ನು ನೇರವಾಗಿ ಜೀವಕೋಶಗಳ ಮೇಲೆ ಸುರಿಯುತ್ತಾರೆ. ನೀವು ಅದನ್ನು ಬಾಯಿಗೆ ಹಾಕಿಕೊಳ್ಳುತ್ತೀರಿ. ಬಾಯಿಂದ ರಕ್ತಕ್ಕೆ ಹೋಗುವ ದಾರಿಯಲ್ಲೇ ಎಲ್ಲ ಸೋರಿಹೋಗುತ್ತದೆ: ಕರುಳಿನ ಗೋಡೆ ಒಳಗೆ ಬಂದದ್ದನ್ನು ವಾಪಸ್ ಹೊರಗೆ ತಳ್ಳುತ್ತದೆ, ತಪ್ಪಿಸಿಕೊಂಡದ್ದನ್ನು ಲಿವರ್ ಒಡೆಯುತ್ತದೆ, ಕೊನೆಗೆ ರಕ್ತ ಸೇರುವುದು ಶೇ. 1ಕ್ಕಿಂತ ಕಡಿಮೆ. ಅಂದರೆ 500 ಮಿಲಿಗ್ರಾಂ ಬರ್ಬೆರಿನ್ ಗುಳಿಗೆ ನುಂಗಿದರೆ 5 ಮಿಲಿಗ್ರಾಂ ಕೂಡ ದಕ್ಕುವುದಿಲ್ಲ. ಇನ್ನು ಕಷಾಯದಲ್ಲಿ ಎಷ್ಟಿದೆ ಅಂತ ಕುದಿಸಿದವರಿಗೇ ಗೊತ್ತಿರುವುದಿಲ್ಲ. ತಮಾಷೆ ನೋಡಿ, ಚೀನಾದಲ್ಲಿ ಬರ್ಬೆರಿನ್ ಅನ್ನು ಭೇದಿಗೆ ಕೊಡುವ ರೂಢಿಯಿದೆ. ಅಲ್ಲಿ ಕರುಳಲ್ಲೇ ಉಳಿದರೆ ಒಳ್ಳೆಯದೇ!

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು. ಆಗಲೇ ನಾಟಿ ವೈದ್ಯ ಅನ್ನಿಸಿಕೊಂಡವನು 'ಜ್ವರ ಬಿಡ್ತಲ್ಲ, ಕಷಾಯ ಹಿಡೀತು' ಅಂತ ಬೀಗುತ್ತಾನೆ, ಮನೆಯವರೂ ನಿರಾಳ ಆಗಿಬಿಡುತ್ತಾರೆ. ನೀರು, ಓಆರ್‌ಎಸ್, ಪ್ಯಾರಾಸಿಟಮಾಲ್, ರಕ್ತಪರೀಕ್ಷೆ, ಇಷ್ಟು ಮಾಡಿ. ನೋವಿಗೆ ಅಂತ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.

ಪ್ರಶ್ನೆ: ಶುಗರ್ ಮಾತ್ರೆ ಜೊತೆಗೆ ಬರ್ಬೆರಿನ್ ತಗೊಳ್ಳಬಹುದಾ?

ನಿಮ್ಮ ಡಾಕ್ಟರನ್ನು ಕೇಳದೆ ಬೇಡ. ಎರಡೂ ಸೇರಿ ಶುಗರ್ ಜಾಸ್ತಿ ಇಳಿದುಬಿಡಬಹುದು. ಕಿಡ್ನಿ ಕಸಿಯಾಗಿ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಸೈಕ್ಲೋಸ್ಪೋರಿನ್ ನುಂಗುವವರಂತೂ ದೂರ ಇರಿ, ಅದರ ಮಟ್ಟ ರಕ್ತದಲ್ಲಿ ಏರುತ್ತದೆ.

ಪ್ರಶ್ನೆ: ಮರದರಿಶಿನ, ಅಡುಗೆ ಅರಿಶಿನ ಎರಡೂ ಒಂದೇ ಅಲ್ವಾ?

ಅಲ್ಲ. ಒಂದು ಕಾಡಿನ ಬಳ್ಳಿ, ಒಂದು ಗೆಡ್ಡೆ. ಬಣ್ಣ ಬಿಟ್ಟರೆ ನಂಟಿಲ್ಲ.

ಪ್ರಶ್ನೆ: ಹುಟ್ಟಿದ ಮಗುವಿಗೆ ಕಾಮಾಲೆ. ಅಜ್ಜಿ ಮರದರಿಶಿನ ತೇದು ನೆಕ್ಕಿಸಲು ಹೇಳುತ್ತಿದ್ದಾರೆ.

ಬೇಡವೇ ಬೇಡ. ಕಾಮಾಲೆಯಲ್ಲಿ ಮೈ ಹಳದಿ ಮಾಡುವ ಬಿಲಿರುಬಿನ್ ರಕ್ತದ ಪ್ರೋಟೀನಿಗೆ ಅಂಟಿಕೊಂಡಿದ್ದರೆ ತೊಂದರೆ ಕಡಿಮೆ. ಬರ್ಬೆರಿನ್ ಅದನ್ನು ಬಿಡಿಸಿಬಿಡುತ್ತದೆ, ಬಿಟ್ಟುಕೊಂಡದ್ದು ಮಿದುಳಿಗೆ ಹೋಗಬಹುದು. ಬಸುರಿಯರಿಗೂ ಬೇಡ. ಅಜ್ಜಿ ಬೈದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಘಟ್ಟದ ಕಡೆ ಹೋಗುತ್ತಿದ್ದೇವೆ, ಬಳ್ಳಿ ಕಡಿದು ತರಬಹುದಾ?

ಅಳಿವಿನ ಅಂಚಿಗೆ ಬಂದಿರುವುದೇ ಹೀಗೆ ಕಡಿದು ಕಡಿದು. ಫೋಟೊ ತೆಗೆದುಕೊಂಡು ಬನ್ನಿ.