ಸೈಕಲಾಜಿಕಲ್ ಅಸೆಸ್‌ಮೆಂಟ್ ಬುಡದಿಂದ ಕಲಿಯಬೇಕು, ಯಾವ ಟೆಸ್ಟ್‌ನಿಂದ ಶುರು ಮಾಡಲಿ?

ಕಾರವಾರದಲ್ಲಿ ಬಿ.ಎ. ಮುಗಿಸಿದ್ದೀರಿ, ಸೈಕಾಲಜಿ ಒಂದು ವಿಷಯವಾಗಿತ್ತು, ಎಂ.ಎ. ಸೇರುವ ಮುಂಚೆ ಅಸೆಸ್‌ಮೆಂಟ್ (ಟೆಸ್ಟ್, ಮಾತುಕತೆಯಿಂದ ಒಬ್ಬರ ಬುದ್ಧಿ, ಮನಸ್ಸನ್ನು ಅಂದಾಜು ಮಾಡುವುದು) ಗಟ್ಟಿ ಮಾಡಿಕೊಳ್ಳಬೇಕು ಅಂತ ಬರೆದಿದ್ದೀರಿ. ಐಕ್ಯೂ ಟೆಸ್ಟ್‌ನಿಂದ ಶುರು ಮಾಡಲೋ, ಪರ್ಸನಾಲಿಟಿ ಟೆಸ್ಟ್‌ನಿಂದಲೋ, ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್‌ನಿಂದ ಪ್ರಯೋಜನ ಉಂಟೋ ಅಂತ ಕೇಳಿದ್ದೀರಿ. ನಾನು ಶಿರಸಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಆಗಾಗ ಘಟ್ಟ ಇಳಿದು ಕುಮಟಾ, ಕಾರವಾರದ ಕಡೆಗೂ ಕೆಲಸಕ್ಕೆ ಹೋಗುತ್ತೇನೆ. ನನ್ನನ್ನು ಕೇಳಿದರೆ ಎರಡೂ ಟೆಸ್ಟ್ ಈಗಲೇ ಬೇಡ. ಟೆಸ್ಟ್ ಮಾಡಿಸುವುದನ್ನು ಮ್ಯಾನ್ಯುಯಲ್ ಓದಿ, ಸ್ಟಾಪ್‌ವಾಚ್ ಹಿಡಿದು ಅಭ್ಯಾಸ ಮಾಡಿದರೆ ಯಾರಾದರೂ ಕಲಿತಾರು. ಬಂದ ಸ್ಕೋರ್ ಎಷ್ಟು ಹೇಳುತ್ತದೆ, ಎಲ್ಲಿಗೆ ಅದರ ಮಾತು ನಿಲ್ಲುತ್ತದೆ ಅನ್ನುವುದು ತಲೆಗೆ ಹತ್ತಲು ಸಮಯ ಬೇಕು. ಅಲ್ಲಿಂದ ಶುರು ಮಾಡಿ.

ಮೊದಲ ವಿಷಯ ನಾರ್ಮ್ಸ್, ಅಂದರೆ ಹೋಲಿಸಲು ಇಟ್ಟುಕೊಂಡ ಒಂದು ಗುಂಪಿನ ಸ್ಕೋರ್‌ಗಳು. ಒಂದು ಮಗುವಿಗೆ ಐಕ್ಯೂ 80 ಬಂತು ಅನ್ನಿ. ಅದೇ ವಯಸ್ಸಿನ ಒಂದು ಗುಂಪಿನ ಮಕ್ಕಳ ಪಕ್ಕ ನಿಲ್ಲಿಸಿದಾಗ ಈ ಮಗು ಎಲ್ಲಿ ನಿಲ್ಲುತ್ತದೆ ಅಂತಷ್ಟೇ ಆ 80 ಹೇಳುತ್ತದೆ. ಹಾಗಾದರೆ ಆ ಗುಂಪು ಯಾರದು ಅಂತ ನೀವು ಕೇಳಲೇಬೇಕು. ಕಾರವಾರದ ಜೂನ್ ಮಳೆಯನ್ನು ಹುಬ್ಬಳ್ಳಿಯ ಸರಾಸರಿಗೆ ಹೋಲಿಸಿದರೆ ಪ್ರತಿ ವರ್ಷವೂ ಅತಿವೃಷ್ಟಿ ಅಂತಲೇ ಬರೆಯಬೇಕಾಗುತ್ತದೆ, ಅಲ್ವಾ?

ಬಿನೆ-ಕಾಮತ್ ಟೆಸ್ಟ್ ಉದಾಹರಣೆಗೆ ತಗೊಳ್ಳಿ. ಎಂ.ಎ.ಗೆ ಹೋದ ಕೂಡಲೇ ಅದರ ಹೆಸರು ಕೇಳುತ್ತೀರಿ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ ಮೊದಲ ಟೆಸ್ಟ್ ಮಾಡಿದರು. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದಷ್ಟೇ ಅದರ ಕೆಲಸವಾಗಿತ್ತು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲೂಯಿಸ್ ಟರ್ಮನ್ ಅದನ್ನು ತಿದ್ದಿ ಬೆಳೆಸಿದರು. ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. 1934ರಲ್ಲಿ ಅವರ ಪ್ರಬಂಧ ಬಂತು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಭಾಷೆಯ ಮಕ್ಕಳನ್ನು ಕೂರಿಸಿಕೊಂಡು, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸರಿ ಅಂತ ಅಷ್ಟು ಹಿಂದೆಯೇ ನೋಡಿದ ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ಅದು ಸುಮಾರು 90 ವರ್ಷ ಹಿಂದಿನ ಮಕ್ಕಳ ಲೆಕ್ಕ. ತಲೆಮಾರಿನಿಂದ ತಲೆಮಾರಿಗೆ ಟೆಸ್ಟ್ ಸ್ಕೋರ್ ಏರುತ್ತಾ ಹೋಗುತ್ತದೆ ಅಂತ 1984ರಲ್ಲಿ ಜೇಮ್ಸ್ ಫ್ಲಿನ್ ತೋರಿಸಿದರು. ಅಮೆರಿಕದಲ್ಲಿ ಅದು ಹತ್ತು ವರ್ಷಕ್ಕೆ ಸುಮಾರು 3 ಅಂಕ. ಅಂದರೆ ಹಳೆಯ ನಾರ್ಮ್ಸ್ ಇಟ್ಟುಕೊಂಡರೆ ಇಂದಿನ ಮಗುವಿನ ಸ್ಕೋರ್ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಸಹಾಯ ಸಿಗಬೇಕಾದ ಮಗುವಿಗೆ ಸಿಗದೇ ಹೋಗಬಹುದು. ಜೊತೆಗೆ ಈ ಟೆಸ್ಟ್‌ನಲ್ಲಿ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. 10 ವರ್ಷದ ಹುಡುಗ 8 ವರ್ಷದವರ ಮಟ್ಟದಲ್ಲಿ ಮಾಡಿದರೆ 80. ವೆಕ್ಸ್ಲರ್ ಅನ್ನುವ ಇನ್ನೊಂದು ಬಗೆಯ ಐಕ್ಯೂ ಟೆಸ್ಟ್‌ಗಳಲ್ಲಿ ಹಾಗಲ್ಲ. ಅಲ್ಲಿ ಅದೇ ವಯಸ್ಸಿನವರ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಶನ್ (ಸ್ಕೋರ್‌ಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 15 ಅಂತ ಇಟ್ಟುಕೊಂಡು ಲೆಕ್ಕ. ಎರಡು ರಿಪೋರ್ಟ್‌ನಲ್ಲೂ 80 ಅಂತ ಇದ್ದರೂ ಅವು ಬಂದ ದಾರಿ ಬೇರೆ. ಇದು ಗೊತ್ತಿಲ್ಲದೆ ಹೋಲಿಸಬೇಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಇದೆ. ಕಾರವಾರದ ಎಷ್ಟೋ ಮನೆಗಳಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಮುಂಡಗೋಡದ ಕ್ಯಾಂಪ್‌ಗಳಲ್ಲಿ ಟಿಬೆಟನ್. ಹಳಿಯಾಳ, ಯಲ್ಲಾಪುರದ ಸಿದ್ದಿ ಮಕ್ಕಳು, ಅಂಕೋಲೆಯ ಹಾಲಕ್ಕಿ ಮಕ್ಕಳು ಶಾಲೆಗೆ ಬಂದ ಮೇಲೆಯೇ ಪುಸ್ತಕದ ಕನ್ನಡ ಕೇಳುವವರು. ಕನ್ನಡ ಟೆಸ್ಟ್ ಇದೆ ಅಂದ ಮಾತ್ರಕ್ಕೆ ಅದು ಇವರೆಲ್ಲರಿಗೂ ಹೊಂದುವುದಿಲ್ಲ.

ಬಂದರಿನ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ಮೂರನೇ ಕ್ಲಾಸ್, ಮನೆಮಾತು ಕೊಂಕಣಿ. ಬುದ್ಧಿ ಕಮ್ಮಿ ಇರಬಹುದು, ನೋಡಿ ಅಂತ ಶಾಲೆಯಿಂದ ಚೀಟಿ ಬರೆದು ಕಳಿಸಿದ್ದರು. ಕನ್ನಡದಲ್ಲಿ ಏನು ಕೇಳಿದರೂ ಮೇಜಿನ ಅಂಚು ಉಜ್ಜುತ್ತಾ ಕೂತ. ಆಮೇಲೆ ಸೆಗುವಿನ್ ಫಾರ್ಮ್ ಬೋರ್ಡ್ ಮುಂದಿಟ್ಟೆ. ಹತ್ತು ಮರದ ಆಕಾರಗಳು, ಹತ್ತು ಗುಳಿಗಳು, ಮೂರು ಸಲ ಜೋಡಿಸಬೇಕು, ಸಮಯ ಬರೆದುಕೊಳ್ಳಬೇಕು. ಮೊದಲನೇ ಸಲ ಒಂದೊಂದು ಇಟ್ಟಾಗಲೂ ನನ್ನ ಮುಖ ನೋಡಿದ. ಎರಡನೇ ಸಲಕ್ಕೆ ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಮುಂದಿನದು ಎಲ್ಲಿ ಅಂತ ಕಣ್ಣಲ್ಲೇ ಹುಡುಕುತ್ತಿದ್ದ. ಮೂರನೇ ಸಲ ಮುಗಿಸಿ, ಇನ್ನೊಂದು ಸಲ ಮಾಡಲಾ ಅಂತ ಕೊಂಕಣಿಯಲ್ಲಿ ಕೇಳಿದ. ಅದೇ ಅವನ ಮೊದಲ ಮಾತು.

ಬೋರ್ಡ್ ಬೇಗ ಜೋಡಿಸಿದ ಅಂತ ಅವನ ಬುದ್ಧಿ ಸರಿ ಇದೆ ಅಂತ ಬರೆಯಲು ಬರುವುದಿಲ್ಲ. ಅದು ನೋಡುವುದು ಆಕಾರ ಗುರುತಿಸುವುದು, ಕಣ್ಣು-ಕೈ ಹೊಂದಾಣಿಕೆ, ವೇಗ. ಇದನ್ನೇ ವ್ಯಾಲಿಡಿಟಿ ಅನ್ನುತ್ತಾರೆ. ಟೆಸ್ಟ್ ಏನು ಅಳೆಯುತ್ತದೆ ಅಂತ ನೀವು ಹೇಳುತ್ತೀರೋ ಅದಕ್ಕೆ ಆಧಾರ ಇರಬೇಕು. ಆದರೆ ಕನ್ನಡದ ಪ್ರಶ್ನೆಗಳಿಗೆ ಬಂದ ಸ್ಕೋರ್ ನಂಬುವಂತಿಲ್ಲ ಅಂತ ಬರೆಯಲು ನನಗೆ ಆಧಾರ ಸಿಕ್ಕಿತು. ಅವನನ್ನು ಮೊದಲು ಕಿವಿ, ಕಣ್ಣಿನ ತಪಾಸಣೆಗೆ ಕಳಿಸಿದೆವು. ಆಮೇಲೆ ಮಾತು ಬೇಡದ ರೇವನ್ಸ್ ಕಲರ್ಡ್ ಮ್ಯಾಟ್ರಿಸಸ್ ಅನ್ನುವ ಚಿತ್ರಗಳ ಟೆಸ್ಟ್ ಮಾಡಿಸಿದೆವು, ಕೊಂಕಣಿ ಬಲ್ಲವರೊಬ್ಬರನ್ನು ಕೂರಿಸಿಕೊಂಡು ತಾಯಿಯ ಹತ್ತಿರ ಮಾತಾಡಿದೆವು. ಕೊನೆಗೆ ಶಾಲೆಗೆ ಬರೆದು ಕೊಟ್ಟದ್ದು ಭಾಷೆಯ ಸಹಾಯದ ಬಗ್ಗೆ.

ಎರಡನೇ ವಿಷಯ ಅಳತೆಯ ತಪ್ಪು. ಇಲ್ಲಿ ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್ ಬೇಕು, ಹೆದರಬೇಡಿ. ಈ ಲೆಕ್ಕಕ್ಕೆ ತಳಪಾಯ ಹಾಕಿದವರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಒಬ್ಬರು. ಲಂಡನ್‌ನಲ್ಲಿ ಅವರ ಹತ್ತಿರ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ ಶುರು ಮಾಡಿದವರು. ಹಾಗಾಗಿ ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ.

ಲೆಕ್ಕ ಹೀಗಿದೆ. ಟೆಸ್ಟ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್ 15, ರಿಲಯಬಿಲಿಟಿ (ಮತ್ತೆ ಮಾಡಿಸಿದರೂ ಸ್ಕೋರ್ ಎಷ್ಟು ಒಂದೇ ಥರ ಬರುತ್ತದೆ ಅನ್ನುವ ಅಳತೆ, ಪೂರ್ತಿ ಅಂದರೆ 1) 0.90 ಅಂತ ಮ್ಯಾನ್ಯುಯಲ್‌ನಲ್ಲಿ ಇದೆ ಅನ್ನಿ. 1ರಿಂದ 0.90 ಕಳೆದು, ವರ್ಗಮೂಲ ತೆಗೆದು, 15ರಿಂದ ಗುಣಿಸಿ. ಸುಮಾರು 4.7 ಬರುತ್ತದೆ, ಇದೇ ಅಳತೆಯ ತಪ್ಪು. ಅದರ ಎರಡು ಪಟ್ಟಿನಷ್ಟು ಆಚೀಚೆ ಬಿಡಬೇಕು. ಅಂದರೆ ಐಕ್ಯೂ 72 ಬಂದ ಮಗುವಿನ ನಿಜವಾದ ಮಟ್ಟ ಸುಮಾರು 63ರಿಂದ 81ರ ಒಳಗೆ ಎಲ್ಲಾದರೂ ಇರಬಹುದು. 0.90 ಅಂದರೆ ಒಳ್ಳೆಯ ಟೆಸ್ಟ್, ನೆನಪಿರಲಿ. 70ರ ಆಚೆ ಈಚೆ ಒಂದೆರಡು ಅಂಕಕ್ಕೆ ಒಂದು ಮನೆಯವರು ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಅಲೆಯುವುದನ್ನು ನೋಡಿದಾಗ ಈ ಲೆಕ್ಕ ಎಷ್ಟು ಮುಖ್ಯ ಅಂತ ತಿಳಿಯುತ್ತದೆ. ರಿಪೋರ್ಟ್‌ನಲ್ಲಿ ಬರೀ 72 ಅಂತ ಬರೆದು ಬಿಡುವುದು ನನ್ನ ಪ್ರಕಾರ ಅನ್ಯಾಯ.

ಶಾಲೆಗಳಲ್ಲಿ ಸ್ಕ್ರೀನಿಂಗ್ ಮಾಡುವವರಿಗೆ ಇನ್ನೊಂದು ಲೆಕ್ಕವೂ ಗೊತ್ತಿರಬೇಕು. 1000 ಮಕ್ಕಳಲ್ಲಿ 50 ಮಕ್ಕಳಿಗೆ ನಿಜವಾಗಿ ಓದಿನ ತೊಂದರೆ ಇದೆ ಅಂತ ಇಟ್ಟುಕೊಳ್ಳಿ. ನಿಮ್ಮ ಪ್ರಶ್ನಾವಳಿ ತೊಂದರೆ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ 50ರಲ್ಲಿ 45 ಸಿಕ್ಕರು. ಉಳಿದ 950 ಮಕ್ಕಳಲ್ಲಿ 95 ಮಂದಿ ಸುಮ್ನೆ ಸಿಕ್ಕಿಬಿದ್ದರು. ಪಟ್ಟಿಯಲ್ಲಿ 140 ಹೆಸರು, ತೊಂದರೆ ಇರುವುದು 45 ಮಕ್ಕಳಿಗೆ. ಆ ಪಟ್ಟಿಯನ್ನು ಮುಂದಿನ ತಪಾಸಣೆಗೆ ಬಳಸಿ. ಅದನ್ನೇ ಹಿಡಿದು ಮಕ್ಕಳಿಗೆ ಡಿಸ್‌ಲೆಕ್ಸಿಯಾ ಅಂತ ಹೆಸರು ಹಚ್ಚಬೇಡಿ.

ಮೂರನೆಯದು ಮಾತಾಡಿಸುವುದು. ಟೆಸ್ಟ್ ಕಿಟ್ ಯಾವುದೂ ಇಲ್ಲದೆ ಈಗಿಂದಲೇ ಕಲಿಯಬಹುದಾದದ್ದು ಇದು. ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯುರಿಟಿ ಸ್ಕೇಲ್ ಅಂತ ಇದೆ. ಎಡ್ಗರ್ ಡಾಲ್ 1935ರಲ್ಲಿ ಮಾಡಿದ್ದು, ಭಾರತಕ್ಕೆ ಎ. ಜೆ. ಮಾಲಿನ್ ಹೊಂದಿಸಿದರು. ಮಗು ದಿನನಿತ್ಯ ಏನೇನು ತಾನೇ ಮಾಡಿಕೊಳ್ಳುತ್ತದೆ ಅಂತ ಮನೆಯವರನ್ನು ಕೇಳಿ ತುಂಬುವುದು. ಬೌದ್ಧಿಕ ಅಂಗವೈಕಲ್ಯ ಅನ್ನಲು ಐಕ್ಯೂ ಒಂದೇ ಸಾಲದು, ದಿನದ ಬದುಕಿನಲ್ಲೂ ವಯಸ್ಸಿಗಿಂತ ಹಿಂದೆ ಇರಬೇಕು. ಅದಕ್ಕೇ ಈ ಸಂದರ್ಶನಕ್ಕೆ ಅಷ್ಟು ತೂಕ. ಶಿರಸಿ ಹತ್ತಿರದ ಹಳ್ಳಿಯ ಒಬ್ಬ ತಾಯಿಯ ಜೊತೆ ಹೀಗೆ ನಡೆಯಿತು:

‘ಮಗ ತಾನೇ ಸ್ನಾನ ಮಾಡ್ತಾನಾ ಅಮ್ಮಾ?’

‘ಹೌದು ಮೇಡಂ, ಅವನೇ ಮಾಡ್ತಾನೆ.’

‘ಹಂಡೆಯಿಂದ ಬಿಸಿನೀರು ಬೆರೆಸಿಕೊಳ್ಳೋದು?’

‘ಅದು ನಾನು ಬೆರೆಸಿ ಕೊಡ್ತೇನೆ. ಸುಟ್ಕೊಂಡ್ರೆ ಕಷ್ಟ ಅಲ್ವಾ.’

‘ಸೋಪು ಹಚ್ಕೊಳ್ಳೋದು, ತಲೆ ಒರೆಸ್ಕೊಳ್ಳೋದು?’

‘ಸೋಪು ಅವನ ಅಜ್ಜಿ ಹಚ್ಚತಾರೆ. ಒರೆಸೋದೂ ಅವರೇ. ನೀರು ಹೊಯ್ಕೊಳ್ಳೋದು ಮಾತ್ರ ಅವನೇ.’

ಆ ತಾಯಿ ಸುಳ್ಳು ಹೇಳಲಿಲ್ಲ. ನೀರು ಹೊಯ್ದುಕೊಳ್ಳುವುದೇ ಅವರಿಗೆ ಸ್ನಾನ. ಮೊದಲ ಉತ್ತರಕ್ಕೇ ಟಿಕ್ ಹಾಕಿದ್ದರೆ ಆ ಹುಡುಗ ಕಾಗದದ ಮೇಲೆ ಬೇರೆಯೇ ಹುಡುಗ ಆಗುತ್ತಿದ್ದ. ಅದೇ ಹೊತ್ತಿಗೆ, ಅಜ್ಜಿ ಪ್ರೀತಿಗೆ ಮಾಡುತ್ತಾರೋ, ಹುಡುಗನಿಗೆ ಬರುವುದೇ ಇಲ್ಲವೋ ಅಂತಲೂ ಕೇಳಬೇಕು. ಕೂಡುಮನೆಗಳಲ್ಲಿ ಇದು ತುಂಬಾ ಸಲ ಬರುತ್ತದೆ.

ಈಗ ಅಭ್ಯಾಸ. ಎಲ್ಲರೂ ಉಚಿತವಾಗಿ ಬಳಸಬಹುದಾದ ಒಂದು ಪ್ರಶ್ನಾವಳಿ ಹಿಡಿದು ಪೂರ್ತಿ ಅರ್ಥ ಮಾಡಿಕೊಳ್ಳಿ. ಪಿಎಚ್‌ಕ್ಯೂ-9 ಒಳ್ಳೆಯದು. ಖಿನ್ನತೆಯ ಬಗ್ಗೆ 9 ಪ್ರಶ್ನೆ, ಕಳೆದ ಎರಡು ವಾರದ್ದು, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಯಾಗಿ ವಿಚಾರಿಸಬೇಕು ಅಂತ ಅರ್ಥ. ರೋಗ ಇದೆ ಅಂತ ತೀರ್ಮಾನಿಸಲು ಅದೊಂದೇ ಸಾಲದು. 9ನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಮುಂದೆ ಏನು ಮಾಡುವುದು ಅಂತ ಗೊತ್ತಿಲ್ಲದೆ ಈ ಹಾಳೆಯನ್ನು ಯಾರ ಕೈಗೂ ಕೊಡಬೇಡಿ. ಟೆಲಿ-ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬಾಯಿಪಾಠ ಇರಲಿ. ಗೆಳೆಯರ ಮೇಲೆ ಐಕ್ಯೂ ಟೆಸ್ಟ್ ಮಾಡಿ ಸ್ಕೋರ್ ಹೇಳುವುದು, ಟೆಸ್ಟ್‌ನ ಪ್ರಶ್ನೆಗಳ ಫೋಟೋ ಹಂಚುವುದು ಬೇಡವೇ ಬೇಡ. ಪ್ರಶ್ನೆ ಹೊರಗೆ ಬಿದ್ದರೆ ಆ ಟೆಸ್ಟ್ ಮುಂದೆ ಯಾವ ಮಗುವಿಗೂ ಉಪಯೋಗಕ್ಕೆ ಬರುವುದಿಲ್ಲ.

ಸರ್ಟಿಫಿಕೇಟ್ ವಿಷಯ. ತಿಳಿದುಕೊಳ್ಳಲು ಆನ್‌ಲೈನ್ ಕೋರ್ಸ್ ಮಾಡಿ, ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಸೈಕಾಲಜಿ ಕೋರ್ಸ್‌ಗಳಿವೆ. ಆದರೆ ಅದರಿಂದ ರಿಪೋರ್ಟ್‌ಗೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ಅವರು ಮಾನ್ಯ ಮಾಡಿದ ಕೋರ್ಸ್ ಆಗಬೇಕು. ನಿಮಗೆ ಎಂ.ಎ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರ. ಆಮೇಲಿನ ತರಬೇತಿಗೆ ಅಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕೋರ್ಸ್‌ಗಳ ಹೆಸರು, ನಿಯಮ ಈಚೆಗೆ ಬದಲಾಗುತ್ತಿವೆ. ಫೀ ಕಟ್ಟುವ ಮುಂಚೆ ಪರಿಷತ್ತಿನ ವೆಬ್‌ಸೈಟ್‌ನಲ್ಲಿ ಆ ಕಾಲೇಜಿನ ಹೆಸರು ಇದೆಯೋ ಇಲ್ಲವೋ ನೀವೇ ನೋಡಿ.

ಎಂ.ಎ. ಶುರುವಾಗುವ ತನಕ ಇಷ್ಟು ಮಾಡಿ. ಒಪ್ಪಿಗೆ ಕೊಟ್ಟ ಪರಿಚಯದ ದೊಡ್ಡವರೊಬ್ಬರ ಜೊತೆ ಒಂದು ಗಂಟೆ ಕೂತು ಅವರ ಓದು, ಮನೆ, ಕೆಲಸ, ನಿದ್ದೆ, ಆರೋಗ್ಯ ಕೇಳಿ ಬರೆದುಕೊಳ್ಳಿ. ಹೆಸರು ಬರೆಯಬೇಡಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಒಂದು ಕಡೆ, ನಿಮಗೆ ಅನಿಸಿದ್ದನ್ನು ಇನ್ನೊಂದು ಕಡೆ ಇಡಿ. ಆಮೇಲೆ ಇವರ ಬಗ್ಗೆ ನಿಮಗೆ ತಿಳಿಯದೇ ಉಳಿದ ಒಂದು ಪ್ರಶ್ನೆ ಬರೆದು, ಅದಕ್ಕೆ ಉತ್ತರ ಕೊಡುವ ಟೆಸ್ಟ್ ಯಾವುದು, ಅದರ ನಾರ್ಮ್ಸ್ ಯಾರದು ಅಂತ ಲೈಬ್ರರಿಯಲ್ಲಿ ಹುಡುಕಿ. ಸಿಕ್ಕಿದ್ದನ್ನು ಕಾಮೆಂಟ್‌ನಲ್ಲಿ ಬರೆಯಿರಿ, ಓದಿ ಹೇಳುತ್ತೇನೆ.