ಪುಸ್ತಕದ ಜೊತೆ ಮನೆಯ ಮಾತೂ ಬರುತ್ತದೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಆರು ಜನ ಗೆಳತಿಯರು ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಓದಿದ ಪುಸ್ತಕಗಳ ಬಗ್ಗೆ ಮಾತನಾಡಿ, ಪುಸ್ತಕಗಳನ್ನು ಕೊಟ್ಟು ತೆಗೆದುಕೊಂಡು ಹೋಗುವ ರೂಢಿ ಇಟ್ಟುಕೊಂಡಿದ್ದೇವೆ. ಇತ್ತೀಚೆಗೆ ಪುಸ್ತಕದ ಮಾತು ಹತ್ತು ನಿಮಿಷಕ್ಕೆ ಮುಗಿದು, ಅತ್ತೆಯವರ ಮಂಡಿನೋವು, ಮಗನ ಪಿಯುಸಿ, ಕೆಲಸದಾಕೆ ಬಿಟ್ಟುಹೋದದ್ದು, ಇವೇ ಸಂಜೆಯವರೆಗೂ ನಡೆಯುತ್ತವೆ. ನಮ್ಮಲ್ಲೊಬ್ಬರು ಅಧ್ಯಾಪಕಿ, ಇನ್ನು ಮುಂದೆ ಮನೆಯ ವಿಷಯವನ್ನು ಯಾರೂ ಎತ್ತಕೂಡದೆಂದು ನಿಯಮ ಮಾಡಲು ಹೊರಟಿದ್ದಾರೆ. ಇದರಿಂದ ಬೇಸರಗೊಂಡ ಇನ್ನಿಬ್ಬರು ಬರುವುದನ್ನೇ ಬಿಡುವ ಹಾಗೆ ಕಾಣುತ್ತದೆ. ಏನು ಮಾಡೋಣ, ಮೇಡಂ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಅಧ್ಯಾಪಕಿ ಗೆಳತಿಯ ಅಸಮಾಧಾನವನ್ನು ನಾನು ತಳ್ಳಿಹಾಕುವುದಿಲ್ಲ. ತಿಂಗಳಿಡೀ ಬಿಡುವು ಹೊಂದಿಸಿಕೊಂಡು ಓದಿ ಬಂದವರಿಗೆ ಆ ಪುಸ್ತಕದ ಬಗ್ಗೆ ನಾಲ್ಕು ಮಾತಾಡಲು ಎಡೆ ಸಿಗದೆ ಹೋದರೆ ಸಿಟ್ಟು ಬರುವುದು ಸಹಜ. ಆದರೆ ಅವರು ತರಲು ಹೊರಟಿರುವ ನಿಯಮದಿಂದ ನಿಮ್ಮ ಗೆಳೆತನಕ್ಕೆ ಆಗುವಷ್ಟೇ ನಷ್ಟ ನಿಮ್ಮ ಓದಿಗೂ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಒಳ್ಳೆಯ ಕಾದಂಬರಿಗಳಲ್ಲಿ ಎಷ್ಟೋ ಮನೆಯ ಹೊಸ್ತಿಲ ಒಳಗೇ ಹುಟ್ಟಿದವು. ಎಸ್. ಎಲ್. ಭೈರಪ್ಪನವರ 'ಗೃಹಭಂಗ'ದ ನಂಜಮ್ಮ, ಕೈಲಾಗದ ಗಂಡನ ಬದಲಿಗೆ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರ ತೂಗಿಸುತ್ತಾಳೆ, ಬಾಯಿಗೆ ಬಂದಂತೆ ಬೈಯುವ ಅತ್ತೆಯನ್ನು ತಾಳಿಕೊಳ್ಳುತ್ತಾಳೆ. ಎಂ. ಕೆ. ಇಂದಿರಾ ಅವರ ಫಣಿಯಮ್ಮ ಎಳವೆಯಲ್ಲೇ ವಿಧವೆಯಾಗಿ, ದೊಡ್ಡ ಮನೆಯೊಂದರ ಕೆಲಸದಲ್ಲಿ ತನ್ನ ಇಡೀ ಆಯುಷ್ಯವನ್ನು ಸವೆಸಿದವಳು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಎಂಬ ಪುಟ್ಟ ಕಾದಂಬರಿಯಲ್ಲಿ ದುಡ್ಡು ಬಂದ ಮೇಲೆ ಮನೆಮಂದಿಯ ನಡುವಿನ ಮಾತು ಹೇಗೆ ಬದಲಾಗುತ್ತದೆ ಎಂಬುದೇ ಮುಖ್ಯ ಸಂಗತಿ. ಇಂಥ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕಥಾವಸ್ತು, ಪಾತ್ರಚಿತ್ರಣ, ಶೈಲಿ ಎಂದು ಮಾತ್ರ ಮಾತನಾಡಿದರೆ ಅದು ಪರೀಕ್ಷೆಗೆ ಬರೆದ ಉತ್ತರದಂತಾಗುತ್ತದೆ. ಗಂಡನ ಕೆಲಸ ಹೋದಾಗ ಎರಡು ವರ್ಷ ಮನೆಯ ಖರ್ಚು ತೂಗಿಸಿದ ಗೆಳತಿ ನಿಮ್ಮಲ್ಲಿದ್ದರೆ, ನಂಜಮ್ಮನ ಬಗ್ಗೆ ಅವರು ಹೇಳಬಹುದಾದದ್ದು ಯಾವ ವಿಮರ್ಶಕರಿಗೂ ಸುಲಭವಾಗಿ ಹೊಳೆಯುವಂಥದ್ದಲ್ಲ. ಅವರು ಹಾಗೆ ಬಾಯಿಬಿಡಬೇಕಾದರೆ ಮನೆಯ ಮಾತಿಗೆ ಆ ಜಗುಲಿಯಲ್ಲಿ ಜಾಗವಿರಬೇಕು.

ಇನ್ನು ವ್ಯವಸ್ಥೆಯ ಮಾತು. ಈಗ ನೀವು ಬಂದ ಕೂಡಲೇ ಕ್ಷೇಮಸಮಾಚಾರದಿಂದ ಆರಂಭಿಸುತ್ತಿರಬೇಕು. ಕ್ಷೇಮಸಮಾಚಾರ ಒಮ್ಮೆ ಶುರುವಾದರೆ ಅದನ್ನು ನಿಲ್ಲಿಸಿ ಪುಸ್ತಕ ತೆರೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಆದ್ದರಿಂದ ಕ್ರಮವನ್ನು ತಿರುಗಿಸಿ: ಮೊದಲ ಒಂದು ಗಂಟೆ ಪುಸ್ತಕ, ಆಮೇಲೆ ತಿಂಡಿ, ಚಹಾ ಮತ್ತು ಮನೆಯ ಮಾತು. ಆರು ಜನ ಆರು ಬೇರೆ ಬೇರೆ ಕಾದಂಬರಿ ಓದಿ ಬಂದರೆ ಒಬ್ಬರು ಕಥೆ ಹೇಳುತ್ತಾರೆ, ಉಳಿದ ಐವರು ತಲೆಯಾಡಿಸುತ್ತಾರೆ. ಹತ್ತೇ ನಿಮಿಷಕ್ಕೆ ಮಾತು ಮುಗಿಯುವುದಕ್ಕೆ ಇದೂ ಕಾರಣವಿರಬಹುದು. ಎಲ್ಲರೂ ಓದಿರಬೇಕಾದ ಒಂದು ಸಣ್ಣಕಥೆಯನ್ನು ಪ್ರತಿ ತಿಂಗಳೂ ಗೊತ್ತುಮಾಡಿಕೊಳ್ಳಿ. ವೈದೇಹಿಯವರ 'ಅಕ್ಕು', ಬಾನು ಮುಷ್ತಾಕ್ ಅವರ 'ಎದೆಯ ಹಣತೆ', ಮುಂಬಯಿಯ ಬದುಕನ್ನು ಕುರಿತ ಜಯಂತ ಕಾಯ್ಕಿಣಿಯವರ ಯಾವುದಾದರೂ ಕಥೆ, ಹೀಗೆ ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಬಹುದಾದವುಗಳಿಂದ ಆರಂಭಿಸಬಹುದು. ಪುಸ್ತಕ ಓದಲಾಗದೆ ಬಂದವರಿಗೂ ಆಗ ಮುಜುಗರವಿರುವುದಿಲ್ಲ. ಒಬ್ಬರು ಅದರ ಒಂದೆರಡು ಪುಟವನ್ನು ಗಟ್ಟಿಯಾಗಿ ಓದಿದರೆ ಅವರೂ ಮಾತಿಗೆ ಸೇರಿಕೊಳ್ಳುತ್ತಾರೆ.

ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಕೂಟಗಳಲ್ಲಿ ಯಾರ ಮನೆಯಲ್ಲಿ ಸೇರುತ್ತಾರೋ ಅವರು ಅಂದು ಪುಸ್ತಕದ ಮಾತಿನಲ್ಲಿ ಇರುವುದೇ ಇಲ್ಲ. ಹೊರಗೆ ಚರ್ಚೆ ನಡೆಯುತ್ತಿರುವಾಗ ಅವರು ಒಳಗೆ ಬಾಣಲೆಯ ಮುಂದೆ ನಿಂತು ಮೆಣಸಿನಕಾಯಿ ಬಜ್ಜಿ ಕರಿಯುತ್ತಾ, ನಡುನಡುವೆ ಬಾಗಿಲಿಗೆ ಬಂದು "ಏನಂದ್ರಿ? ಇನ್ನೊಂದ್ಸಲ ಹೇಳ್ರಿ" ಎಂದು ಕೇಳುತ್ತಿರುತ್ತಾರೆ. ದಾವಣಗೆರೆಯಂಥ ಊರಿನಲ್ಲಿ ಮಂಡಕ್ಕಿಗೆ ಬರವಿಲ್ಲ. ಒಗ್ಗರಣೆ ಮಂಡಕ್ಕಿಯನ್ನು ಮೊದಲೇ ಕಲಸಿಟ್ಟುಕೊಳ್ಳಲಿ, ಬಜ್ಜಿಯನ್ನು ಬರುವವರೇ ದಾರಿಯಲ್ಲಿ ಕಟ್ಟಿಸಿಕೊಂಡು ಬರಲಿ. ನಿಯಮವೇ ಬೇಕೆಂದಿದ್ದರೆ ಇದನ್ನು ಮಾಡಿಕೊಳ್ಳಿ. ಇನ್ನೊಂದು ನಿಯಮವೂ ಅಗತ್ಯ: ಚಹಾದ ಹೊತ್ತಿಗೆ ಒಬ್ಬರು ತೋಡಿಕೊಂಡ ಮನೆಯ ಕಷ್ಟ ಆ ಆರು ಜನರನ್ನು ದಾಟಿ ಹೋಗಕೂಡದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಅದರ ಪ್ರಸ್ತಾಪ ಬರಕೂಡದು, ಸ್ವಂತ ಗಂಡನ ಕಿವಿಗೂ ಬೀಳಕೂಡದು.

ಪ್ರಶ್ನೆ: ನನ್ನ ಬಾಲ್ಯದ ಗೆಳತಿಗೆ ಎರಡು ತಿಂಗಳ ಹಿಂದೆ ಹೆರಿಗೆಯಾಗಿದೆ. ತವರಿನಲ್ಲಿ ಬಾಣಂತನ ನಡೆಯುತ್ತಿದೆ. ಫೋನ್ ಮಾಡಿದಾಗಲೆಲ್ಲ ಅಳುತ್ತಾಳೆ, ಮಗುವನ್ನು ಎತ್ತಿಕೊಳ್ಳಲು ಭಯವಾಗುತ್ತದೆ ಎನ್ನುತ್ತಾಳೆ. ಅವಳು ಓದುವ ಹುಡುಗಿ. ಇದೇ ಸ್ಥಿತಿಯ ಬಗ್ಗೆ ತ್ರಿವೇಣಿಯವರ 'ಶರಪಂಜರ' ಇದೆಯಲ್ಲ, ಅದನ್ನು ಕಳುಹಿಸಿದರೆ ತಾನು ಒಂಟಿಯಲ್ಲವೆಂದು ಅವಳಿಗೆ ಧೈರ್ಯ ಬರಬಹುದೇ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಆ ಪುಸ್ತಕವನ್ನು ಈಗ ಕಳುಹಿಸಬೇಡಿ. ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುವ ಹೆಣ್ಣಿನ ಬಗ್ಗೆ ಕನ್ನಡದಲ್ಲಿ ಅಷ್ಟು ಹಿಂದೆಯೇ, ಅಷ್ಟು ಅನುಕಂಪದಿಂದ ಬರೆದವರು ತ್ರಿವೇಣಿ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಅವರು ಅಷ್ಟು ಕಡಿಮೆ ಆಯುಷ್ಯದಲ್ಲಿ ಮಾಡಿದ ಕೆಲಸ ದೊಡ್ಡದು. ಆದರೆ 'ಶರಪಂಜರ' ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಕಾವೇರಿ ಚಿಕಿತ್ಸೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಮುರಿಯುವುದು ಅವಳ ಸುತ್ತಲಿನವರ ಅನುಮಾನ, ಗಂಡನ ಉಪೇಕ್ಷೆ. ಕೊನೆಗೆ ಅವಳು ಆಸ್ಪತ್ರೆಗೇ ಮರಳಬೇಕಾಗುತ್ತದೆ. ಕಾಯಿಲೆಯಿಂದ ಎದ್ದು ಬಂದವರನ್ನು ಮನೆಯವರು ಹೇಗೆ ನಡೆಸಿಕೊಳ್ಳಬಾರದು ಎಂಬುದನ್ನು ತಿಳಿಯಲು ಆ ಕಾದಂಬರಿಯನ್ನು ಓದಬೇಕಾದವರು ನಿಮ್ಮ ಗೆಳತಿಯ ಗಂಡ, ಅತ್ತೆ, ತಾಯಿ, ಮತ್ತು ನೀವು. ರಾತ್ರಿ ನಿದ್ದೆಯಿಲ್ಲದೆ, ತನಗೇನಾಗುತ್ತಿದೆಯೋ ಎಂದು ಹೆದರಿ ಕೂತವಳ ಕೈಗೆ ಅದನ್ನು ಕೊಡುವುದು ಸರಿಯಲ್ಲ.

ಹೆರಿಗೆಯಾದ ಮೊದಲ ಕೆಲವು ದಿನ ಅಳು, ಸಿಡುಕು, ದಿಗಿಲು ಬಹಳ ಜನ ಬಾಣಂತಿಯರಿಗೆ ಬರುತ್ತವೆ ಮತ್ತು ಸಾಮಾನ್ಯವಾಗಿ ಎರಡು ವಾರದೊಳಗೆ ತಾವೇ ತಗ್ಗುತ್ತವೆ. ಎರಡು ತಿಂಗಳಾದರೂ ಹೋಗಿಲ್ಲವೆಂದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ದೃಷ್ಟಿಯಾಗಿದೆ, ಗಾಳಿ ಸೋಕಿದೆ, ಹಟ ಮಾಡುತ್ತಾಳೆ ಎಂದು ಮನೆಯವರು ದಿನ ತಳ್ಳುವ ಮೊದಲು ನೀವು ಅವರ ತಾಯಿಯೊಂದಿಗೆ ನೇರವಾಗಿ ಮಾತನಾಡಿ. ಹೆರಿಗೆ ಮಾಡಿಸಿದ ವೈದ್ಯರಿಂದಲೇ ಆರಂಭಿಸಬಹುದು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗಲೂ ಈ ವಿಷಯವನ್ನು ಎತ್ತಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತನಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಮಾತು ಆಕೆಯ ಬಾಯಿಂದ ಬಂದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು, ಮತ್ತು ಅಲ್ಲಿಯವರೆಗೆ ಅವಳನ್ನು ಒಬ್ಬಳನ್ನೇ ಬಿಡಬಾರದು.

ಪುಸ್ತಕ ಒಯ್ಯಲೇಬೇಕೆಂದು ನಿಮಗೆ ಆಸೆಯಿದ್ದರೆ ಡಾ. ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ ಒಂದು ಸಂಪುಟವನ್ನು ಒಯ್ಯಿರಿ. ಮಕ್ಕಳ ಕಥೆಗಳು, ಒಂದೊಂದೂ ಎರಡು ಮೂರು ಪುಟ; ಮಗು ಮಲಗಿದ ಹೊತ್ತಿನಲ್ಲಿ ಒಂದನ್ನು ಓದಿ ಮುಚ್ಚಿಡಬಹುದು, ಓದಲಾಗದಿದ್ದರೆ ಪಾಪಪ್ರಜ್ಞೆಯೂ ಕಾಡುವುದಿಲ್ಲ. ಅಂಚೆಯಲ್ಲಿ ಕಳುಹಿಸಬೇಡಿ, ನೀವೇ ಹೋಗಿ. ಜೊತೆಗೆ ಅಂಟಿನ ಉಂಡಿ ಒಯ್ದರೆ ಅವರ ತಾಯಿಗೂ ಸಂತೋಷ. ಮಗುವನ್ನು ಒಂದೂವರೆ ಗಂಟೆ ನಿಮ್ಮ ಮಡಿಲಲ್ಲಿ ಹಾಕಿಕೊಂಡು ಅವಳಿಗೆ ನಿದ್ದೆ ಮಾಡಲು ಹೇಳಿ. ಕೂಸು ಯಾರನ್ನು ಹೋಲುತ್ತದೆ ಎಂಬ ಚರ್ಚೆಯನ್ನು ಬೇರೆಯವರಿಗೆ ಬಿಡಿ.

ಪ್ರಶ್ನೆ: ಗೆಳತಿಯರಿಗೆ ಕೊಟ್ಟ ಪುಸ್ತಕಗಳು ಹಿಂತಿರುಗುವುದಿಲ್ಲ. ಕೇಳಲು ಸಂಕೋಚ, ಕೇಳದಿರಲು ಸಂಕಟ.
(ಓದುಗರೊಬ್ಬರು, ಶಿರಸಿ)

ಉತ್ತರ: "ಪುಸ್ತಕಂ ವನಿತಾ ವಿತ್ತಂ ಪರಹಸ್ತಂ ಗತಂ ಗತಂ" ಎಂದು ಹಿರಿಯರು ಅಂದಿದ್ದರು. ನಡುವಿನ ಪದವನ್ನು ನಾವು ಒಪ್ಪಬೇಕಿಲ್ಲ, ಮೊದಲನೆಯದರ ಬಗ್ಗೆ ತಕರಾರಿಲ್ಲ. ಹಿಂದೆ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ಕಂತು ಮುಗಿದ ಮೇಲೆ ದಾರದಲ್ಲಿ ಹೊಲಿದು ರಟ್ಟು ಹಾಕಿಸಿಟ್ಟುಕೊಂಡ ತಾಯಂದಿರು ಅದನ್ನು ಓಣಿಗೆಲ್ಲ ಓದಲು ಕೊಡುತ್ತಿದ್ದರು, ಆದರೆ ಮೊದಲ ಪುಟದಲ್ಲಿ ಹೆಸರು ಬರೆಯದೆ, ಕೊಟ್ಟ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕದೆ ಕೊಡುತ್ತಿರಲಿಲ್ಲ. ನೀವೂ ಒಂದು ಸಣ್ಣ ನೋಟುಬುಕ್ಕಿನಲ್ಲಿ ಪಡೆದವರ ಕೈಯಿಂದಲೇ ಬರೆಸಿಕೊಳ್ಳಿ. ತಾನೇ ಬರೆದದ್ದನ್ನು ಯಾರೂ ಮರೆತೆ ಎನ್ನಲಾರರು. ಕೈಬಿಟ್ಟರೆ ಮತ್ತೆ ಸಿಗದ ಹಳೆಯ ಪ್ರತಿಗಳನ್ನು ಮಾತ್ರ ಯಾರಿಗೂ ಕೊಡಬೇಡಿ. "ಇಲ್ಲೇ ಕೂತು ಓದಿ" ಎಂದು ಹೇಳಿ ಕಾಫಿ ಕೊಡಿ.

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ನೌಕರ. ನನ್ನ ಹೆಂಡತಿಯ ಗೆಳತಿಯರು ನಮ್ಮ ಮನೆಯಲ್ಲಿ ಸೇರಿ ಪುಸ್ತಕಗಳ ಬಗ್ಗೆ ಮಾತನಾಡುತ್ತಾರೆ. ನಾನು ಒಳಕೋಣೆಯಲ್ಲಿ ಪತ್ರಿಕೆ ಹಿಡಿದು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಇಷ್ಟು ವರ್ಷ ಕಡತಗಳ ಹೊರತು ಏನನ್ನೂ ಓದದ ನಾನು ಅವರ ಜೊತೆ ಕೂರಬಹುದೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಕೂರುವ ಮೊದಲು ನಿಮ್ಮ ಶ್ರೀಮತಿಯವರನ್ನು ಕೇಳಿ, ಮತ್ತು ಅವರು "ಬೇಡ" ಎಂದರೆ ಮುನಿಸಿಕೊಳ್ಳಬೇಡಿ. ಹೆಂಗಸರು ತಮ್ಮ ತಮ್ಮಲ್ಲೇ ಆಡಿಕೊಳ್ಳುವ ಮಾತುಗಳಿರುತ್ತವೆ. ಗಂಡಸೊಬ್ಬರು ಬಂದು ಕುರ್ಚಿ ಎಳೆದುಕೊಂಡ ತಕ್ಷಣ ಆ ಮಾತಿನ ಧಾಟಿಯೇ ಬದಲಾಗುತ್ತದೆ, ನೀವೆಷ್ಟೇ ಸಜ್ಜನರಾಗಿದ್ದರೂ. ಆದರೆ ಅವರ ಕೈಯಿಂದ ಒಂದು ಪುಸ್ತಕ ಕೇಳಿ ಪಡೆಯುವುದಕ್ಕೆ ಅಡ್ಡಿಯೇನಿಲ್ಲ. ಏನು ಕೊಡಬೇಕೆಂದು ಅವರು ನನ್ನನ್ನು ಕೇಳಿದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಎನ್ನುತ್ತೇನೆ. 1980ರಲ್ಲಿ ಬಂದ ಕಾದಂಬರಿ. ಹಾರುವ ಓತಿಯೊಂದನ್ನು ಹುಡುಕುವ ನೆಪದಲ್ಲಿ ಮಂದಣ್ಣನಂಥ ಉಡಾಳನೂ ಕರ್ವಾಲೊರಂಥ ವಿಜ್ಞಾನಿಯೂ ಒಂದೇ ಕಾಡಿಗೆ ಹೋಗುತ್ತಾರೆ. ಓದಿನ ಅಭ್ಯಾಸ ತಪ್ಪಿದವರನ್ನೂ ಅದು ಬಿಡುವುದಿಲ್ಲ. ಆಮೇಲಿನದನ್ನು ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ನೀವೇ ಆರಿಸಿಕೊಳ್ಳಿ. ಆಸ್ತಿ ತೆರಿಗೆಯ ಜೊತೆಗೆ ಪ್ರತಿ ವರ್ಷ ಗ್ರಂಥಾಲಯ ಕರವನ್ನೂ ಕಟ್ಟುತ್ತಾ ಬಂದಿದ್ದೀರಿ, ಅದರ ಪ್ರಯೋಜನ ಪಡೆಯಲು ಈಗ ಬಿಡುವು ಸಿಕ್ಕಿದೆ.

ಅಂದಹಾಗೆ, ಅವರು ಸೇರುವ ದಿನ ಕಾಫಿ ಮಾಡುವ ಹೊಣೆ ಯಾರದು? ಡಿಕಾಕ್ಷನ್ ಇಳಿಸುವುದು ಕಡತ ವಿಲೇವಾರಿಗಿಂತ ಸುಲಭ.

ಪ್ರಶ್ನೆ: ನಾನು ಮತ್ತು ನನ್ನ ಹಿರಿಯ ಸ್ನೇಹಿತೆ ಮೂವತ್ತು ವರ್ಷ ಅಕ್ಕಪಕ್ಕದ ಮನೆಯಲ್ಲಿದ್ದು, ಒಂದೇ ಪುಸ್ತಕವನ್ನು ಒಬ್ಬರಾದ ಮೇಲೊಬ್ಬರು ಓದುತ್ತಿದ್ದೆವು. ಈಗ ನಾನು ಮಗನ ಜೊತೆ ಪುಣೆಯಲ್ಲಿದ್ದೇನೆ. ಅವರಿಗೆ ಗ್ಲಾಕೋಮಾದಿಂದ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಫೋನಿನಲ್ಲಿ ಪುಸ್ತಕದ ಮಾತೆತ್ತಿದರೆ ಅವರಿಗೆ ನೋವಾಗುತ್ತದೆಂದು ಬರೀ ಅಡುಗೆ, ಔಷಧಿ ಎಂದು ಮಾತಾಡಿ ಇಡುತ್ತೇನೆ.
(ಓದುಗರೊಬ್ಬರು, ಪುಣೆ)

ಉತ್ತರ: ನೀವು ಪುಸ್ತಕದ ಮಾತು ಬಿಟ್ಟದ್ದು ಅವರ ಗಮನಕ್ಕೆ ಬಂದಿಲ್ಲವೆಂದು ತಿಳಿಯಬೇಡಿ. ಮೂವತ್ತು ವರ್ಷದ ಜೊತೆಗಾತಿ ಇದ್ದಕ್ಕಿದ್ದಂತೆ ಸಾರಿನ ಪುಡಿಯ ಬಗ್ಗೆ ಮಾತ್ರ ಕೇಳತೊಡಗಿದರೆ ಅದರ ಕಾರಣ ಯಾರಿಗಾದರೂ ತಿಳಿಯುತ್ತದೆ. ನಾಳೆ ಕರೆ ಮಾಡಿದಾಗ "ಒಂದು ಕಥೆ ಓದಲೇ?" ಎಂದು ಸುಮ್ಮನೆ ಕೇಳಿನೋಡಿ. ಒಬ್ಬರು ಓದಿ ಹತ್ತಾರು ಜನ ಕೇಳುವುದು ನಮ್ಮಲ್ಲಿ ಹೊಸದೇನಲ್ಲ. ಕುಮಾರವ್ಯಾಸನ ಭಾರತವೂ ಜೈಮಿನಿ ಭಾರತವೂ ಅಕ್ಷರ ಬಾರದವರ ಮನೆಗಳಿಗೆ ತಲುಪಿದ್ದು ಹಾಗೆಯೇ, ಗಮಕಿಗಳ ಬಾಯಿಂದ.

ಗಟ್ಟಿಯಾಗಿ ಓದಲು ಎಲ್ಲ ಪುಸ್ತಕವೂ ಹೊಂದುವುದಿಲ್ಲ. ವಾಕ್ಯ ತಿಳಿಯಾಗಿದ್ದು, ಮಾತುಕತೆ ಹೆಚ್ಚಿರುವಂಥದ್ದು ಒಳ್ಳೆಯದು. ಮಾಸ್ತಿಯವರ ಸಣ್ಣಕಥೆಗಳು ಇದಕ್ಕೆಂದೇ ಬರೆದಂತಿವೆ, ಅವರ 'ಸುಬ್ಬಣ್ಣ'ವನ್ನು ಕೆಲವೇ ದಿನಗಳಲ್ಲಿ ಮುಗಿಸಬಹುದು. ನಗು ಬೇಕಾದ ದಿನಕ್ಕೆ ಗೊರೂರರ 'ಹಳ್ಳಿಯ ಚಿತ್ರಗಳು' ಇರಲಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ನಿಮ್ಮ ಗಂಟಲೂ ಅವರ ಕಿವಿಯೂ ದಣಿಯುತ್ತವೆ. ಅವರು ನಡುವೆ ತಡೆದು ತಮ್ಮ ಸೊಸೆಯ ಸುದ್ದಿಯನ್ನೋ ಹಿತ್ತಲ ಕರಿಬೇವಿನ ಸುದ್ದಿಯನ್ನೋ ತೆಗೆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಕೇಳಿಸಿಕೊಳ್ಳಿ, ಪುಟದ ಗುರುತು ಇಟ್ಟುಕೊಂಡರಾಯಿತು. ಮಧ್ಯಾಹ್ನ ಊಟವಾಗಿ ಒಂದು ನಿದ್ದೆ ಮುಗಿದ ಮೇಲಿನ ಹೊತ್ತು ಒಳ್ಳೆಯದು. ಸಂಜೆ ಟಿ.ವಿ. ಧಾರಾವಾಹಿಯ ಸಮಯಕ್ಕೆ ಮಾತ್ರ ಕರೆ ಮಾಡಬೇಡಿ. ಕಣ್ಣು ಕಾಣದಿದ್ದರೂ ಅದನ್ನು ಕೇಳುವವರು ಬಹಳ ಜನ, ಅದರೆದುರು ಮಾಸ್ತಿಯವರೂ ಸ್ವಲ್ಪ ಕಾಯಬೇಕಾಗುತ್ತದೆ.