ಮೂರನೇ ಕ್ಲಾಸಿನ ಹುಡುಗಿಗೆ ಕಥೆ ಯಾಕಿಲ್ಲ?

ಮಂಗಳೂರಿನ ಹೊರವಲಯದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಅವರ ಮಗಳು ಸಿಸ್ಟರ್‌ಗಳು ನಡೆಸುವ ಕ್ಯಾಥೋಲಿಕ್ ಪ್ರೈಮರಿ ಶಾಲೆಯಲ್ಲಿ ಮೂರನೇ ಕ್ಲಾಸು. ವಾರಕ್ಕೆ ಎರಡು ಪೀರಿಯಡ್ ಕ್ಯಾಥೋಲಿಕ್ ಮಕ್ಕಳು ಧರ್ಮೋಪದೇಶಕ್ಕೆಂದು ಪಕ್ಕದ ಕೋಣೆಗೆ ಹೋಗುತ್ತಾರೆ. ಉಳಿದವರಿಗೆ ಮಾರಲ್ ಸೈನ್ಸ್. ಮಗಳು ಮನೆಗೆ ಬಂದು, “ಅವರಿಗೆ ಕಥೆ ಹೇಳ್ತಾರೆ, ಹಾಡು ಕಲಿಸ್ತಾರೆ. ನಮಗೆ ಯಾಕಿಲ್ಲ?” ಎಂದು ಕೇಳಿದ್ದಾಳೆ. ಶಾಲೆಯಲ್ಲಿ ಧರ್ಮವೇ ಬೇಡ, ಎರಡೂ ಪೀರಿಯಡ್ ತೆಗೆದು ಕಂಪ್ಯೂಟರ್ ಕಲಿಸಲಿ ಎಂಬುದು ತಂದೆಯ ವಾದ. ಎರಡನೇ ಮಗುವನ್ನು ಯಾವ ಶಾಲೆಗೆ ಸೇರಿಸಲಿ ಎಂದೂ ಕೊನೆಯಲ್ಲಿ ಕೇಳಿದ್ದಾರೆ.

ಸಂಪಾದಕರ ಉತ್ತರ:

ಪತ್ರ ಚೆನ್ನಾಗಿದೆ. ಆದರೆ ಅದರಲ್ಲಿ ನನಗೆ ಹಿಡಿಸಿದ ಮಾತು ನಿಮ್ಮದಲ್ಲ, ನಿಮ್ಮ ಮಗಳದ್ದು. ಅವಳು ಕೇಳಿದ್ದು ಕಥೆ, ಹಾಡು. ನೀವು ಕೊಡಿಸಲು ಹೊರಟಿದ್ದು ಕಂಪ್ಯೂಟರ್. ಅಲ್ಲ ಮಾರಾಯ್ರೇ, ಹಸಿದವರಿಗೆ ಕೊಡೆ ಕೊಟ್ಟರೆ ಹೇಗೆ?

ನಿಮ್ಮ ಅಳುಕು ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವ ಶಾಲೆಯೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲಿ ಅದು ಸ್ಪಷ್ಟವಾಗಿದೆ. ಗಾಂಧೀಜಿ ಕೂಡ 1937ರ ವಾರ್ಧಾ ಶಿಕ್ಷಣ ಯೋಜನೆಯಿಂದ ಧರ್ಮದ ಪಾಠವನ್ನು ಹೊರಗೇ ಇಟ್ಟರು. ಈಗ ಧರ್ಮ ಕಲಿಸುವ ರೀತಿಯಿಂದ ಜಗಳ ಜಾಸ್ತಿಯಾಗುತ್ತದೆ ಎಂಬುದು ಅವರ ಭಯ. ಆದರೆ ಅದೇ ಗಾಂಧೀಜಿ 1928ರಲ್ಲಿ ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ, ಧರ್ಮಪಾಠ ಎಂದರೆ ಬೇರೆಯವರ ಧರ್ಮದ ತಿಳಿವಳಿಕೆಯೂ ಸೇರಿರಬೇಕು ಎಂದು ಬರೆದಿದ್ದರು. ನನಗೆ 1928ರ ಗಾಂಧಿ ಇಷ್ಟ.

ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ನೀವು ಸ್ವಲ್ಪ ಅನುಮಾನದಿಂದ ಬರೆದಿದ್ದೀರಿ. ಅಂಥದ್ದೇನಿಲ್ಲ. ಆ ವಯಸ್ಸಿನ ಕ್ಯಾಥೋಲಿಕ್ ಮಕ್ಕಳು ಮೊದಲ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸಲು, ತಯಾರಾಗುತ್ತಾರೆ. ಹಿಂದೆ ಅದಕ್ಕೆ ಹತ್ತು ಹನ್ನೆರಡು ವರ್ಷ ಆಗುವ ತನಕ ಕಾಯಿಸುತ್ತಿದ್ದರು. 1910ರಲ್ಲಿ ಪೋಪ್ ಹತ್ತನೇ ಪಿಯುಸ್, ಸುಮಾರು ಏಳು ವರ್ಷದ ಮಗುವಿಗೆ ತಿಳಿವಳಿಕೆ ಬಂದರೆ ಸಾಕು ಎಂದರು. ಅಲ್ಲಿಂದ ಈ ಕೆಲಸ ಪ್ರೈಮರಿ ಶಾಲೆಯ ಹೆಗಲಿಗೆ ಬಂತು. ಮಕ್ಕಳು ಜಪಸರ ಕಲಿಯುತ್ತಾರೆ, ತಪ್ಪೊಪ್ಪಿಕೊಳ್ಳುವುದು ಹೇಗೆಂದು ಕಲಿಯುತ್ತಾರೆ, ಹಾಡುತ್ತಾರೆ. ಅದು ಅವರ ಮನೆಯ ಬಾಬ್ತು. ನಿಮ್ಮ ಮಗಳನ್ನು ಅಲ್ಲಿಗೆ ಕರೆಯದೇ ಇರುವುದು ಶಾಲೆಯ ಮರ್ಯಾದೆ. ಇತ್ತೀಚೆಗೆ, 2024ರಲ್ಲಿ, ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿಯೇ ತನ್ನ ಶಾಲೆಗಳಿಗೆಲ್ಲ ಸೂಚನೆ ಕಳಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಸಾಧ್ಯವಾದರೆ ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನೆಯ ಕೋಣೆ ಇಡಿ ಎಂದು.

ನನ್ನ ತಕರಾರು ಇರುವುದು ಈಚೆಯ ಕೋಣೆಯ ಬಗ್ಗೆ. ನಿಮ್ಮ ಮಗಳು ಕೂರುವ ಕೋಣೆ.

ಮಾರಲ್ ಸೈನ್ಸ್ ಪುಸ್ತಕ ಒಮ್ಮೆ ತೆಗೆದು ನೋಡಿ. ದಾರಿಯಲ್ಲಿ ಸಿಕ್ಕ ಪರ್ಸನ್ನು ವಾಪಸ್ ಕೊಡುವ ಹುಡುಗ ಇರುತ್ತಾನೆ. ಅವನಿಗೆ ಊರಿಲ್ಲ, ಅಪ್ಪ ಅಮ್ಮ ಇಲ್ಲ, ಪರ್ಸ್ ಇಟ್ಟುಕೊಳ್ಳೋಣ ಎಂಬ ಆಸೆ ಒಂದು ಗಳಿಗೆಯೂ ಬರುವುದಿಲ್ಲ. ಕೆಳಗೆ ಬಿಟ್ಟ ಸ್ಥಳ ತುಂಬಿ: ‘ನಾವು ಯಾವಾಗಲೂ ______ ಹೇಳಬೇಕು.’ ನನ್ನ ಪರಿಚಯದ ಟೀಚರ್ ಒಬ್ಬರು ಹೇಳಿದ್ದು. ಪರೀಕ್ಷೆಯಲ್ಲಿ ಒಬ್ಬ ಹುಡುಗ ಆ ಜಾಗಕ್ಕೆ ‘ಸತ್ಯ’ ಎಂಬ ಉತ್ತರವನ್ನು ಪಕ್ಕದವನ ಹಾಳೆ ನೋಡಿ ಬರೆದನಂತೆ. ಪೂರ್ತಿ ಮಾರ್ಕ್ಸ್ ಸಿಕ್ಕಿತು!

ನಾನು ಓದಿದ್ದು ಇಗರ್ಜಿಯ (ಚರ್ಚಿನ) ಪಕ್ಕದ ಕನ್ನಡ ಶಾಲೆಯಲ್ಲಿ. ಕ್ರಿಶ್ಚಿಯನ್ ಮಕ್ಕಳ ಧರ್ಮೋಪದೇಶ ಭಾನುವಾರ, ಪೂಜೆ ಮುಗಿದ ಮೇಲೆ. ಶಾಲೆಯಲ್ಲಿ ಕಥೆ ಮಾತ್ರ ಎಲ್ಲರಿಗೂ ಒಂದೇ. ಮಳೆ ಜೋರಾಗಿ ಹಂಚಿನ ಮೇಲೆ ಸುರಿಯುವಾಗ ಪಾಠ ಕೇಳಿಸುವುದಿಲ್ಲ. ಆಗ ಟೀಚರ್ ನಮ್ಮನ್ನೆಲ್ಲ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ಒಮ್ಮೆ ಏಸು ಹೇಳಿದ ಸಮಾರಿಯದವನ ಕಥೆ. ದರೋಡೆಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಪೂಜಾರಿಯೂ ನೋಡಿ ದಾಟಿಹೋದ, ದೇವಾಲಯದ ಸೇವಕನೂ ದಾಟಿಹೋದ. ನಿಂತದ್ದು ಆ ಊರಿನವರಿಗೆ ಆಗಿಬರದ ಜನಾಂಗದವನು. ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು, ಎರಡು ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದ. ನಮ್ಮ ಕ್ಲಾಸಿನ ಬ್ಯಾರಿ (ಕರಾವಳಿಯ ಮುಸ್ಲಿಂ) ಹುಡುಗನಿಗೆ ಅನುಮಾನ: “ಟೀಚರ್, ಅವನನ್ನು ಕತ್ತೆ ಮೇಲೆ ಕೂರಿಸಿ ಇವನು ನಡೆದೇ ಹೋದದ್ದಾ?” ಟೀಚರ್ ನಕ್ಕು ನಕ್ಕು ಸುಸ್ತಾದರು. ಮರುದಿನ ಅವರೇ ಏಕಲವ್ಯನ ಕಥೆ ಹೇಳಿದರು. ಹೆಬ್ಬೆರಳು ಕೇಳಿದ್ದು ಸರಿಯಾ ಎಂದು ನಾವೆಲ್ಲ ಜಗಳಕ್ಕೆ ಬಿದ್ದೆವು. ಸರಿ ಉತ್ತರ ಯಾವುದೆಂದು ಅವರು ಹೇಳಲೇ ಇಲ್ಲ. ಬಿಟ್ಟ ಸ್ಥಳ ತುಂಬಲು ಹೇಳಿದ್ದರೆ ಯಾರಾದರೂ ಜಗಳ ಆಡುತ್ತಿದ್ದರಾ?

ಇದೇನು ನನ್ನೊಬ್ಬನ ಹಳೇ ಹಳಹಳಿಕೆ ಅಲ್ಲ. ದೇಶದ ಶಿಕ್ಷಣವನ್ನು ಪರಿಶೀಲಿಸಿದ 1964–66ರ ಕೊಠಾರಿ ಆಯೋಗವೇ, ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಬಿಡಿಸಿ ಹೇಳಿತು. ಎರಡನೆಯದು ಶಾಲೆಯಲ್ಲಿ ಇರಲಿ ಎಂದಿತು. 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದಕ್ಕೆ ಅಡ್ಡಿಯಿಲ್ಲ ಎಂದಿತು. ಕ್ಯಾಥೋಲಿಕ್ ಚರ್ಚಿನದ್ದಂತೂ ಇನ್ನೂ ಚೆಂದ. ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ ಒಂದು ಘೋಷಣೆ, ಬೇರೆ ಧರ್ಮಗಳ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಎರಡೂ ಹೊರಬಿದ್ದದ್ದು ಒಂದೇ ದಿನ, 1965ರ ಅಕ್ಟೋಬರ್ 28. ಮಕ್ಕಳಿಗೆ ಮೊದಲ ಗುರು ತಂದೆತಾಯಿ ಎನ್ನುತ್ತದೆ ಒಂದು. ಬೇರೆ ಧರ್ಮಗಳಲ್ಲಿ ಇರುವ ಸತ್ಯವನ್ನೂ ಪವಿತ್ರವಾದದ್ದನ್ನೂ ತಳ್ಳಿಹಾಕುವುದಿಲ್ಲ ಎನ್ನುತ್ತದೆ ಇನ್ನೊಂದು. ಶಾಲೆ ನಡೆಸುವವರು ಎರಡನ್ನೂ ಒಟ್ಟಿಗೆ ಓದಿದರೆ ನಿಮ್ಮ ಮಗಳಿಗೆ ಉಪಕಾರವಾದೀತು.

ಹಾಗಾದರೆ ಸಿಸ್ಟರ್‌ಗಳು ಯಾಕೆ ಮಾಡುವುದಿಲ್ಲ? ಹೆದರಿಕೆ. 2024ರ ಫೆಬ್ರವರಿಯಲ್ಲಿ ನಿಮ್ಮದೇ ಮಂಗಳೂರಿನ ಒಂದು ಕಾನ್ವೆಂಟ್ ಶಾಲೆಯ ಗೇಟಿನ ಮುಂದೆ ಆದ ಗಲಾಟೆ ನಿಮಗೂ ನೆನಪಿರಬೇಕು. ಪಾಠ ಮಾಡುವಾಗ ದೇವರ ಬಗ್ಗೆ ಏನೋ ಅಂದರು ಎಂಬ ಆರೋಪ ಬಂತು, ಟೀಚರ್ ಕೆಲಸ ಹೋಯಿತು. ಅದನ್ನು ನೋಡಿದ ಯಾವ ಹೆಡ್‌ಮಿಸ್ ಏಕಲವ್ಯನ ಹೆಬ್ಬೆರಳಿನ ತಂಟೆಗೆ ಹೋಗುತ್ತಾರೆ? ಪರ್ಸ್ ವಾಪಸ್ ಕೊಡುವ ಹುಡುಗನೇ ಕ್ಷೇಮ. ಇನ್ನೊಂದು ಕಡೆ ನಾವು, ಪೋಷಕರು. ಫೀಸು ಕಟ್ಟಿ ಇಂಗ್ಲಿಷ್ ಕೊಳ್ಳಲು ಬಂದವರು. ಕಾನ್ವೆಂಟಿನ ಶಿಸ್ತು ಬೇಕು, ಉಚ್ಚಾರ ಬೇಕು, ಸಿಸ್ಟರ್ ನಂಬುವುದು ಏನೆಂದು ಮಾತ್ರ ಮಕ್ಕಳ ಕಿವಿಗೆ ಬೀಳಬಾರದು.

ನಷ್ಟ ಆಚೆ ಕೋಣೆಯವರಿಗೂ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ನಿಮಗೆ ಗೊತ್ತಲ್ಲ. ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ. ಮನೆಯಲ್ಲಿ ಹೊಸ ಅಕ್ಕಿಯ ಊಟ, ಮೀನು ಮಾಂಸ ಇಲ್ಲ. ನಿಮ್ಮ ಮನೆಯಲ್ಲೂ ತೆನೆ ತಂದು ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತೀರಿ, ಪುದ್ದರ್ (ಹೊಸ ಅಕ್ಕಿಯ ಊಟ) ಉಣ್ಣುತ್ತೀರಿ. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, ಅದೇ ಗದ್ದೆಯ ತೆನೆ. ಒಂದೇ ಬೆಂಚಿನ ಇಬ್ಬರು ಹುಡುಗಿಯರಿಗೆ ಇದು ಪರಸ್ಪರ ಗೊತ್ತಿಲ್ಲ. ಯಾಕೆಂದರೆ ಹೇಳಬೇಕಾದ ಹೊತ್ತಿಗೆ ಸರಿಯಾಗಿ ಅವರನ್ನು ಎರಡು ಕೋಣೆಗೆ ಕಳಿಸುತ್ತೇವೆ.

ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಧರ್ಮೋಪದೇಶ ನಿಲ್ಲಿಸಿ ಎನ್ನಬೇಡಿ. ಅದು ಅವರ ಹಕ್ಕು. ಮಾರಲ್ ಸೈನ್ಸ್ ಪುಸ್ತಕ ಮುಚ್ಚಿಟ್ಟು ತಿಂಗಳಿಗೊಂದು ಪೀರಿಯಡ್ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ, ಯಾರ ಮನೆಯಲ್ಲಿ ಯಾವ ಹಬ್ಬ, ಯಾವ ಕಥೆ ಎಂದು ಅವರಿಂದಲೇ ಹೇಳಿಸಿ ಎಂದು ಕೇಳಿ. ನಿಮ್ಮ ಒಪ್ಪಿಗೆಯನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ. ಸಿಸ್ಟರ್‌ಗೆ ಧೈರ್ಯ ಬರುವುದು ಅಂಥ ಕಾಗದದಿಂದ. ಇನ್ನೂ ನಾಲ್ಕು ಜನರ ಸಹಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಎರಡನೇ ಮಗುವಿನ ವಿಷಯ. ಕರಾವಳಿಯಲ್ಲಿ ಇಗರ್ಜಿಯ ಪಕ್ಕದ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅಲ್ಲಿ ಓದಿ ದೊಡ್ಡವರಾದ ನಾವೇ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಆ ಶಾಲೆಯ ಎದುರೇ ಟಾಟಾ ಮಾಡುತ್ತೇವೆ. ನಿಮ್ಮ ಊರಿನದ್ದು ಇನ್ನೂ ತೆರೆದಿದ್ದರೆ ಒಂದು ಬೆಳಿಗ್ಗೆ ಸುಮ್ನೆ ಹೋಗಿ ನೋಡಿಬನ್ನಿ. ಮಕ್ಕಳು ಎಷ್ಟಿದ್ದಾರೆ, ಕಥೆ ಹೇಳುವ ಟೀಚರ್ ಇದ್ದಾರಾ ಎಂದು ವಿಚಾರಿಸಿ. ಜೂನ್ ತನಕ ಕಾಯಬೇಡಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ, ಬೈದಾದರೂ ಸರಿ.